ದಿನವೂ ಓಡಬೇಕೇ ಪುಟ್ಟ ರೈಲು?

ಮಾದರಿ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಓ ಎಂಬ ಅಳತೆ. ಅಸಲಿನ ಎಂಬತ್ತೇಳರಲ್ಲಿ ಒಂದು ಪಾಲು. ಎರಡು ಹಳಿಗಳ ನಡುವೆ 16.5 ಮಿ.ಮೀ. ಅಂತರ. ಗಂಟೆಗೆ 60 ಕಿ.ಮೀ. ವೇಗದ ರೈಲು ಈ ಅಳತೆಯಲ್ಲಿ ಸೆಕೆಂಡಿಗೆ ಸುಮಾರು 19 ಸೆಂ.ಮೀ. ಸರಿಯುತ್ತದೆ. ಹತ್ತು ಮೀಟರ್ ಉದ್ದದ ಹಳಿ ಹಾಸಿ, ಅದರ ಸುತ್ತ ಬೆಟ್ಟ, ಊರು, ನಿಲ್ದಾಣ ನಿಲ್ಲಿಸಬೇಕಾದರೆ ಒಂದು ದೊಡ್ಡ ಕೋಣೆ ಬೇಕು, ಹಲವು ವರ್ಷಗಳ ಸಂಜೆಗಳು ಬೇಕು, ಸಾಕಷ್ಟು ಹಣವೂ ಬೇಕು. ಅಷ್ಟನ್ನೂ ರೈಲು ಒಂದು ನಿಮಿಷ ತುಂಬುವುದರೊಳಗೆ ದಾಟಿಬಿಡುತ್ತದೆ. ಅಸಲಿನ ಲೆಕ್ಕದಲ್ಲಿ ಅದು 870 ಮೀಟರ್. ಪೂರ್ತಿ ಒಂದು ಕಿಲೋಮೀಟರೂ ಆಗುವುದಿಲ್ಲ.

ಹವ್ಯಾಸಿಗಳ ನಡುವಿನ ಒಂದು ಹಳೆಯ ಭಿನ್ನಾಭಿಪ್ರಾಯದ ಬೇರು ಈ ಸಣ್ಣ ಲೆಕ್ಕದಲ್ಲೇ ಇದೆ ಎಂದು ನನಗೆ ತೋರುತ್ತದೆ. ಇಷ್ಟು ಬೇಗ ಮುಗಿಯುವ ಓಟವನ್ನು ಎಷ್ಟು ಸಲ ಓಡಿಸಿದರೆ ಸಂತೋಷ? ದಿನವೂ ಸಂಜೆ ಸ್ವಿಚ್ ಹಾಕುವವರಿದ್ದಾರೆ. ತಿಂಗಳಿಗೊಮ್ಮೆ ಸ್ನೇಹಿತರು ಕೂಡಿದಾಗ ಮಾತ್ರ ಓಡಿಸುವವರಿದ್ದಾರೆ. ವರ್ಷಗಟ್ಟಲೆ ಕಟ್ಟುತ್ತಲೇ ಇದ್ದು, ಹೊಸದಾಗಿ ಹಾಕಿದ ಹಳಿಯನ್ನು ಪರೀಕ್ಷಿಸುವಾಗ ಬಿಟ್ಟರೆ ಎಂಜಿನ್ ಮುಟ್ಟದವರೂ ಇದ್ದಾರೆ. ಮೂವರೂ ಈ ಹವ್ಯಾಸಕ್ಕೆ ಮನಸ್ಸು ಕೊಟ್ಟವರೇ ಆದ್ದರಿಂದ, ಯಾರೊಬ್ಬರ ಶ್ರದ್ಧೆಯನ್ನೂ ಅನುಮಾನಿಸದೆ ಅವರವರ ಕಾರಣಗಳನ್ನು ತೂಗಿ ನೋಡಬೇಕಾಗುತ್ತದೆ. ಹಳಿ, ಊರು, ನಿಲ್ದಾಣ ಎಲ್ಲ ಸೇರಿದ ಆ ಪುಟ್ಟ ಲೋಕವನ್ನು ಅವರು ಲೇಔಟ್ ಎನ್ನುತ್ತಾರೆ; ನಮ್ಮ ನಗರಗಳಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿದ್ದರೂ ಇಲ್ಲಿ ಅದನ್ನೇ ಬಳಸುತ್ತೇನೆ.

ಪದೇ ಪದೇ ಓಡಿಸಬೇಕು ಎನ್ನುವವರ ಮೊದಲ ವಾದ ಯಂತ್ರದ ಆರೋಗ್ಯದ್ದು. ಸಾಮಾನ್ಯವಾಗಿ ಈ ಎಂಜಿನ್‌ಗಳ ಹೊಟ್ಟೆಯಲ್ಲಿ ಬ್ಯಾಟರಿ ಇರುವುದಿಲ್ಲ. ಹಳಿಯಲ್ಲಿರುವ ವಿದ್ಯುತ್ತನ್ನು ಗಾಲಿಗಳ ಮೂಲಕವೇ ಹೀರಿಕೊಂಡು ಮೋಟಾರು ತಿರುಗಬೇಕು. ಗಾಲಿ ಹಳಿಯನ್ನು ಮುಟ್ಟುವ ಜಾಗವೋ ಸಾಸಿವೆ ಕಾಳಿಗಿಂತ ಚಿಕ್ಕದು. ಅಲ್ಲಿ ಒಂದಿಷ್ಟು ಧೂಳು, ಜಿಡ್ಡು ಅಥವಾ ಕಿಲುಬು ಕೂತರೆ ಸಾಕು, ಎಂಜಿನ್ ತಡವರಿಸಿ ನಿಲ್ಲುತ್ತದೆ. 1990ರ ದಶಕದಿಂದ ಹರಡಿದ ಡಿಜಿಟಲ್ ನಿಯಂತ್ರಣದಲ್ಲಿ ಈ ತೊಂದರೆ ಇನ್ನಷ್ಟು ಎದ್ದು ಕಾಣುತ್ತದೆ. ಪ್ರತಿ ಎಂಜಿನ್‌ನಲ್ಲೂ ಒಂದು ಪುಟ್ಟ ಡಿಕೋಡರ್ ಇರುವುದರಿಂದ, ವಿದ್ಯುತ್ತು ಕ್ಷಣಮಾತ್ರ ತಪ್ಪಿದರೂ ಅದು ಮೊದಲಿನಿಂದ ಚಾಲೂ ಆಗಬೇಕು, ಸದ್ದು ಹೊರಡಿಸುವ ಡಿಕೋಡರ್ ಆದರೆ ಹಬೆಯ ಸದ್ದು ನಡುವೆ ಕಡಿದುಹೋಗುತ್ತದೆ. ಆ ಕ್ಷಣವನ್ನು ದಾಟಿಸಲು ಕೆಪಾಸಿಟರ್ ಜೋಡಿಸುವವರು ಈಗ ಹೆಚ್ಚಿದ್ದಾರೆ ಎಂಬುದೇ ತೊಂದರೆ ಎಷ್ಟು ವ್ಯಾಪಕ ಎನ್ನುವುದಕ್ಕೆ ಸಾಕ್ಷಿ.

ತಿಂಗಳುಗಟ್ಟಲೆ ಸುಮ್ಮನಿದ್ದ ಲೇಔಟಿನಲ್ಲಿ ಮೊದಲ ಸಂಜೆ ಪೂರ್ತಿ ಹಳಿ ಒರೆಸುವುದರಲ್ಲೇ ಕಳೆಯುತ್ತದೆ. ಗೇರುಗಳ ಎಣ್ಣೆ ಗಟ್ಟಿಯಾಗಿರುತ್ತದೆ, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ಸ್ ಅಂಟಿಕೊಂಡಿರುತ್ತದೆ. ದಣಿದು ಬಂದ ಮನುಷ್ಯ ಅರ್ಧ ಗಂಟೆಯ ಸಂತೋಷಕ್ಕೆಂದು ಕೋಣೆಗೆ ಹೋಗಿ ಎರಡು ಗಂಟೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಬಟ್ಟೆ ಹಿಡಿದು ಕೂರಬೇಕಾಗುತ್ತದೆ. ಮುಂದಿನ ಸಲ ಆತ ಹೋಗಲು ಹಿಂಜರಿಯುತ್ತಾನೆ. ಹಿಂಜರಿದಷ್ಟೂ ಧೂಳು ಹೆಚ್ಚು, ಧೂಳು ಹೆಚ್ಚಿದಷ್ಟೂ ಹಿಂಜರಿಕೆ ಹೆಚ್ಚು. ಎಷ್ಟೋ ಲೇಔಟುಗಳು ಹೀಗೆ ಯಾರೂ ತೀರ್ಮಾನಿಸದೆಯೇ ನಿಂತುಹೋಗುತ್ತವೆ. ಮಿಡಿಯದೆ ಮೂಲೆಗೆ ಇಟ್ಟ ವೀಣೆಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಶ್ರುತಿ ಇಳಿಯುವುದು ತಂತಿಯದ್ದು ಮಾತ್ರ ಆಗಿರುವುದಿಲ್ಲ.

ಇದಕ್ಕೆ ಎದುರು ಪಕ್ಷ ಕೊಡುವ ಉತ್ತರವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಓಟವೂ ಸವೆತವೇ ಎಂಬುದು ಆ ಉತ್ತರ. ಹಿಡಿತಕ್ಕಾಗಿ ಗಾಲಿಗೆ ತೊಡಿಸಿದ ರಬ್ಬರ್ ಬಳೆ ಸಡಿಲವಾಗುತ್ತದೆ, ಗೇರಿನ ಹಲ್ಲು ತೇಯುತ್ತದೆ, ಕೈ ಮುಟ್ಟಿದಷ್ಟೂ ಬಣ್ಣ ಮಾಸುತ್ತದೆ. ಕೈಯಲ್ಲೇ ಬೆಸುಗೆ ಹಾಕಿ ಮಾಡಿದ ಹಿತ್ತಾಳೆಯ ಎಂಜಿನ್‌ಗೆ ಬಿಡಿಭಾಗ ಎಲ್ಲಿಂದ ತರುವುದು? ನಿತ್ಯವೂ ಓಡಿಸಬಹುದು ಎನ್ನುವುದಕ್ಕೆ ಹ್ಯಾಂಬರ್ಗ್ ನಗರದ ಮಿನಿಯಾಟುರ್ ವುಂಡರ್‌ಲ್ಯಾಂಡನ್ನು ತೋರಿಸುವವರಿದ್ದಾರೆ. ಫ್ರೆಡೆರಿಕ್ ಮತ್ತು ಗೆರಿಟ್ ಬ್ರೌನ್ ಸೋದರರು 2001ರಲ್ಲಿ ತೆರೆದ ಆ ಬೃಹತ್ ಪ್ರದರ್ಶನದಲ್ಲಿ ಸಾವಿರಕ್ಕೂ ಹೆಚ್ಚು ರೈಲುಗಳಿವೆ. ವರ್ಷವಿಡೀ ಜನರ ಮುಂದೆ ಓಡುತ್ತವೆ. ಆದರೆ ಅಲ್ಲಿ ಕೆಟ್ಟದ್ದನ್ನು ಸರಿಪಡಿಸಲು ಸಂಬಳದ ಸಿಬ್ಬಂದಿ ಇದೆ, ಕಾರ್ಯಾಗಾರವಿದೆ. ಮನೆಯ ಹವ್ಯಾಸಿಗೆ ಇರುವುದು ತನ್ನ ಎರಡು ಕೈ, ತನ್ನ ರಾತ್ರಿಯ ಬಿಡುವು. ನಿತ್ಯ ಓಟ ಎಂದರೆ ಅವನ ಪಾಲಿಗೆ ನಿತ್ಯ ದುರಸ್ತಿ ಎಂದೂ ಆಗಬಹುದು.

ಸವೆತದ ವಾದಕ್ಕೆ ಒಂದು ಮಿತಿಯನ್ನು ಮಾತ್ರ ಹೇಳಲೇಬೇಕು. ಪೆಟ್ಟಿಗೆಯಲ್ಲಿ ಇಟ್ಟ ಮಾತ್ರಕ್ಕೆ ವಸ್ತು ಉಳಿಯುತ್ತದೆ ಎಂಬ ಭರವಸೆ ಇಲ್ಲ. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಹಳೆಯ ಮಾದರಿಗಳಲ್ಲಿ ಸೀಸದಂಥ ಕಲ್ಮಶ ಸೇರಿಕೊಂಡಿದ್ದರೆ ಲೋಹ ಒಳಗೊಳಗೇ ಊದಿ, ಬಿರುಕು ಬಿಟ್ಟು, ಪುಡಿಯಾಗುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಅನೇಕ ಆಟಿಕೆ ರೈಲುಗಳು ಹೀಗೆ ಹಾಳಾಗಿವೆ. ಒಮ್ಮೆಯೂ ಹಳಿ ಕಾಣದೆ ಪೆಟ್ಟಿಗೆಯೊಳಗೇ ಬಿರಿದವೂ ಅವುಗಳಲ್ಲಿ ಇವೆ. ಮಾರಾಟದ ಬೆಲೆ ಉಳಿಸಿಕೊಳ್ಳಲು ಓಡಿಸದೆ ಇಡುವ ಸಂಗ್ರಹಕಾರರ ಹಾದಿ ಬೇರೆ. ಅದನ್ನು ತಪ್ಪೆನ್ನಲು ನನಗೆ ಕಾರಣವಿಲ್ಲ. ಆದರೆ ಆ ಲೆಕ್ಕವನ್ನು ಓಟದ ಸಂತೋಷದ ಪ್ರಶ್ನೆಗೆ ತಂದು ಬೆರೆಸುವುದು ಸರಿಯಾಗಲಾರದು.

ಓಟದ ಪಕ್ಷದವರ ಎರಡನೆಯ ವಾದ ಮೊದಲನೆಯದಕ್ಕಿಂತ ಆಳವಾದದ್ದು. ಅದನ್ನು ಚೆನ್ನಾಗಿ ಬೆಳೆಸಿದವರು ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಫ್ರಾಂಕ್ ಎಲಿಸನ್. ಡೆಲ್ಟಾ ಲೈನ್ಸ್ ಎಂಬ ತಮ್ಮ ಲೇಔಟನ್ನು ಕುರಿತು 1940ರ ದಶಕದಲ್ಲಿ ಬರೆಯುತ್ತ ಅವರು ಮಾದರಿ ರೈಲನ್ನು ನಾಟಕಕ್ಕೆ ಹೋಲಿಸಿದರು. ಹಳಿ ಮತ್ತು ಬೆಟ್ಟಗುಡ್ಡಗಳು ರಂಗಸಜ್ಜಿಕೆ, ರೈಲುಗಳು ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥೆ. ಈ ಹೋಲಿಕೆಯನ್ನು ಒಪ್ಪಿದರೆ ಅದರ ತಾತ್ಪರ್ಯವನ್ನೂ ಒಪ್ಪಬೇಕಾಗುತ್ತದೆ. ಪರದೆ ಕಟ್ಟಿ, ಬಣ್ಣ ಬಳಿದು, ದೀಪ ಹಚ್ಚಿ, ಆಟವಾಡದೆ ಉಳಿದ ರಂಗ ಏನಾದಂತೆ? ವೇಳಾಪಟ್ಟಿಯ ಪ್ರಕಾರ ಓಡಿಸುವ ಹವ್ಯಾಸಿಗೆ ರೈಲ್ವೆ ಎಂಬ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದು ಕೈಯಿಂದ ತಿಳಿಯುತ್ತದೆ. ಒಂಟಿ ಹಳಿಯ ಮೇಲೆ ಎದುರು ಬರುವ ರೈಲಿಗಾಗಿ ಲೂಪ್ ಲೈನಿನಲ್ಲಿ ಕಾಯುವುದು, ಗೂಡ್ಸ್ ರೈಲಿನ ನಡುವಿನಿಂದ ಒಂದೇ ವ್ಯಾಗನ್ ಬಿಡಿಸಿ ಸೈಡಿಂಗಿಗೆ ತಳ್ಳುವುದು, ಪ್ಯಾಸೆಂಜರ್ ಬರುವ ಮೊದಲು ಮುಖ್ಯ ಹಳಿ ತೆರವು ಮಾಡುವುದು, ಇವನ್ನೆಲ್ಲ ಓದಿ ಕಲಿತವರಿಗೂ ಮಾಡಿ ಕಲಿತವರಿಗೂ ವ್ಯತ್ಯಾಸವಿದೆ.

ಆದರೆ ಈ ಹವ್ಯಾಸ ನಾಟಕವೇ ಎಂದು ಎಲ್ಲರೂ ಒಪ್ಪಬೇಕೆಂದಿಲ್ಲ. ಶಿಲ್ಪವೆಂದೋ ಚಿತ್ರಕಲೆಯೆಂದೋ ಭಾವಿಸಿದವರ ಪರಂಪರೆಯೂ ಅಷ್ಟೇ ಗಟ್ಟಿಯಾದದ್ದು. ಗಾಯಕ ರಾಡ್ ಸ್ಟೀವರ್ಟ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಟ್ಟಿದ ಅಮೆರಿಕನ್ ನಗರದ ಲೇಔಟ್ 2019ರಲ್ಲಿ ಬ್ರಿಟನ್ನಿನ ರೈಲ್ವೆ ಮಾಡೆಲರ್ ಪತ್ರಿಕೆಯಲ್ಲಿ ಬೆಳಕು ಕಂಡಿತು. ಗಾಯನ ಪ್ರವಾಸಗಳಲ್ಲೂ ಹೋಟೆಲಿನಲ್ಲಿ ಹೆಚ್ಚುವರಿ ಕೋಣೆ ಹಿಡಿದು ಅವರು ಕಟ್ಟಡಗಳ ಮಾದರಿ ಮಾಡುತ್ತಿದ್ದರು. ವಿದ್ಯುತ್ ಕೆಲಸ ತಮಗೆ ಒಗ್ಗದು, ಅದನ್ನು ಬೇರೆಯವರಿಂದ ಮಾಡಿಸಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮಸಿ ಹಿಡಿದ ಇಟ್ಟಿಗೆಯ ಗೋಡೆ, ಬೀದಿಯ ಕಸ, ಹಳೆಯ ಗೋದಾಮಿನ ಕಿಟಕಿ, ಅವರ ಸಂತೋಷ ಇದ್ದದ್ದು ಹೆಚ್ಚಾಗಿ ಇವುಗಳಲ್ಲಿ. ರೈಲು ಎಷ್ಟು ಸಲ ಓಡಿತು ಎಂದು ಕೇಳಿ ಅಂಥ ಕೆಲಸದ ಬೆಲೆ ಕಟ್ಟಲಾಗದು.

ಇದಕ್ಕಿಂತ ದೊಡ್ಡ ಉದಾಹರಣೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಲಾಂಗ್ ವಿಟೆನ್‌ಹ್ಯಾಮ್ ಹಳ್ಳಿಯಲ್ಲಿರುವ ಪೆಂಡನ್ ಸಂಗ್ರಹಾಲಯ. 1925ರಲ್ಲಿ ಆಸ್ಟ್ರೇಲಿಯಾದಿಂದ ಬಂದ ರಾಯ್ ಇಂಗ್ಲೆಂಡ್ ಎಂಬ ತರುಣ, ವೈಟ್ ಹಾರ್ಸ್ ಕಣಿವೆಯ ಹುಲ್ಲುಮಾಡಿನ ಮನೆಗಳು ಕಣ್ಣೆದುರೇ ರೂಪ ಕೆಡುವುದನ್ನು ಕಂಡರು. ಅವುಗಳನ್ನು ಅಳೆದು, ರಟ್ಟಿನಲ್ಲಿ ಒಂದೊಂದಾಗಿ ಮಾಡಿ ಉಳಿಸುವ ಕೆಲಸಕ್ಕೆ ಬದುಕನ್ನೇ ಕೊಟ್ಟರು. ಒಂದು ಮನೆಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿದವು. ಅಲ್ಲಿ ರೈಲು ಇದೆ, ಓಡುತ್ತದೆ. ಆದರೆ ನೋಡುಗರ ಕಣ್ಣು ನಿಲ್ಲುವುದು ಕೈತೋಟದ ಎಲೆಕೋಸಿನ ಸಾಲಿನ ಮೇಲೆ, ಬಾಗಿಲ ಬಳಿಯ ಹೂವಿನ ಗಿಡದ ಮೇಲೆ. ರೈಲು ಅಪರೂಪಕ್ಕೊಮ್ಮೆ ಹಾದುಹೋಗುವುದೇ ಅಂಥ ದೃಶ್ಯಕ್ಕೆ ಒಪ್ಪುತ್ತದೆ. ಆ ಕಾಲದ ಹಳ್ಳಿಯ ಹಳಿಯಲ್ಲೂ ಎರಡು ನಿಮಿಷಕ್ಕೊಂದು ರೈಲು ಬರುತ್ತಿರಲಿಲ್ಲವಲ್ಲ.

ಇನ್ನೊಂದು ಬಗೆಯವರನ್ನು ಇಲ್ಲಿಯೇ ನೆನೆಯಬೇಕು. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಹುಟ್ಟಿದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ಬಿನಲ್ಲಿ ಎರಡು ಗುಂಪುಗಳಿದ್ದವು. ಒಂದು, ಮೇಜಿನ ಮೇಲೆ ಬೆಟ್ಟ, ಊರು, ಬೋಗಿಗಳಿಗೆ ಬಣ್ಣ ಹಚ್ಚುವವರದ್ದು. ಇನ್ನೊಂದು, ಮೇಜಿನ ಕೆಳಗೆ ತಂತಿ, ರಿಲೇ, ಟೆಲಿಫೋನ್ ಸ್ವಿಚ್ಚುಗಳ ಜಾಲ ಹೆಣೆಯುವವರದ್ದು. ಸ್ಟೀವನ್ ಲೆವಿ 1984ರ ತಮ್ಮ ‘ಹ್ಯಾಕರ್ಸ್’ ಪುಸ್ತಕದಲ್ಲಿ ಕಂಪ್ಯೂಟರ್ ಹ್ಯಾಕರ್ ಸಂಸ್ಕೃತಿಯ ಮೂಲವನ್ನು ಈ ಎರಡನೆಯ ಗುಂಪಿನಲ್ಲಿ ಗುರುತಿಸಿದ್ದಾರೆ. ಅವರಿಗೆ ರೈಲು ಓಡುವುದು ವ್ಯವಸ್ಥೆ ಸರಿಯಾಗಿದೆ ಎಂಬುದರ ಪುರಾವೆ. ಪುರಾವೆ ಸಿಕ್ಕಿತೋ, ಜಾಲವನ್ನು ಬಿಚ್ಚಿ ಇನ್ನೂ ಚೆನ್ನಾಗಿ ಹೆಣೆಯಲು ಮನಸ್ಸು ಓಡುತ್ತಿತ್ತು. ಇಂಥವರನ್ನು ನೀವು ಸಾಕಷ್ಟು ಓಡಿಸುತ್ತಿಲ್ಲ ಎಂದು ದೂರುವುದು ನ್ಯಾಯವೆನಿಸದು.

ಅಪರೂಪದ ಪಕ್ಷದವರ ಬತ್ತಳಿಕೆಯಲ್ಲಿ ಬಹುಶಃ ಎಲ್ಲಕ್ಕಿಂತ ಹರಿತವಾದದ್ದು ಬೇಸರದ ವಾದ. ಅತಿಪರಿಚಯದಿಂದ ಅವಜ್ಞೆ ಎಂಬ ಹಳೆಯ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ ಎನ್ನುತ್ತಾರೆ ಅವರು. ದುಂಡಗಿನ ಹಳಿಯ ಮೇಲೆ ರೈಲು ಸುತ್ತುತ್ತದೆ. ಹತ್ತನೆಯ ಸುತ್ತಿಗೆ ಮಗು ಎದ್ದು ಹೋಗುತ್ತದೆ, ದೊಡ್ಡವರು ಇಪ್ಪತ್ತನೆಯ ಸುತ್ತಿಗೆ ಪತ್ರಿಕೆ ಕೈಗೆತ್ತಿಕೊಳ್ಳುತ್ತಾರೆ. ಅಪರೂಪವಾದಾಗ ಅದೇ ರೈಲು ಕಳೆ ಪಡೆಯುತ್ತದೆ. ಅಮೆರಿಕದಲ್ಲಿ ಕ್ರಿಸ್‌ಮಸ್ ಮರದ ಸುತ್ತ ರೈಲು ಹೂಡುವ ಪದ್ಧತಿ ಎಷ್ಟೋ ಮನೆಗಳಲ್ಲಿ ಉಂಟು. ಡಿಸೆಂಬರಿನಲ್ಲಿ ಅಟ್ಟದಿಂದ ಇಳಿದು, ಹೊಸ ವರ್ಷ ಕಳೆದ ಮೇಲೆ ಮತ್ತೆ ಅಟ್ಟ ಸೇರುವ ರೈಲು ಅದು. ಅಜ್ಜನ ಕಾಲದ ರೈಲನ್ನು ಮೊಮ್ಮಕ್ಕಳು ಇಂದಿಗೂ ಕಾಯುತ್ತಾರೆ. ಹಳೆ ಮೈಸೂರಿನ ಕಡೆಯ ಓದುಗರಿಗೆ ದಸರಾ ಬೊಂಬೆ ನೆನಪಾಗದಿರದು. ಪಟ್ಟದ ಬೊಂಬೆಗಳನ್ನು ವರ್ಷವಿಡೀ ಪಡಸಾಲೆಯಲ್ಲಿ ಇಟ್ಟುಕೊಂಡಿದ್ದರೆ ಅವುಗಳ ಮುಂದೆ ಮಕ್ಕಳು ಹಾಗೆ ಕೂರುತ್ತಿದ್ದರೇ? ಹಳೆಯ ಸೀರೆಯ ಸುತ್ತು ಬಿಚ್ಚಿ ಒಂದೊಂದೇ ಬೊಂಬೆ ಹೊರಬರುವ ಆ ಮಧ್ಯಾಹ್ನ, ಒಂಬತ್ತು ದಿನಗಳಷ್ಟೇ ಮುಖ್ಯವಾದದ್ದು.

ಈ ವಾದ ನನ್ನನ್ನು ಬಹಳ ಹೊತ್ತು ಕಟ್ಟಿಹಾಕಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅದನ್ನು ಸ್ವಲ್ಪ ಸಡಿಲಿಸಿದ್ದು ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ ಇಂಗ್ಲ್‌ನುಕ್ ಸೈಡಿಂಗ್ಸ್ ಎಂಬ ಪುಟ್ಟ ಲೇಔಟು. ಎರಡು ಪಾಯಿಂಟ್ಸ್, ಮೂರು ಸೈಡಿಂಗು, ಒಂದು ಎಂಜಿನ್, ಎಂಟು ವ್ಯಾಗನ್. ಮೊದಲ ಸೈಡಿಂಗಿನಲ್ಲಿ ಐದು ವ್ಯಾಗನ್ ಹಿಡಿಸುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಹಿಂದೆ ಮುಂದೆ ಆಡುವ ತುದಿಯಲ್ಲಿ ಎಂಜಿನ್ ಜೊತೆ ಮೂರೇ ವ್ಯಾಗನ್‌ಗೆ ಜಾಗ. ಚೀಟಿ ಎತ್ತಿ, ಎಂಟರಲ್ಲಿ ಐದನ್ನು ಚೀಟಿ ಬಂದ ಕ್ರಮದಲ್ಲೇ ಸಾಲಾಗಿ ನಿಲ್ಲಿಸಬೇಕು. ಅಷ್ಟೇ ಆಟ. ಆದರೆ ಎಂಟರಿಂದ ಐದನ್ನು ಕ್ರಮವಾಗಿ ಆರಿಸುವ ಬಗೆಗಳು 6,720. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷಕ್ಕೆ ಮಿಕ್ಕಿ ಬೇಕು. ಹಲಗೆಯೋ ಪುಸ್ತಕದ ಕಪಾಟಿನ ಮೇಲೆ ಕೂರುವಷ್ಟು. ದಿನವೂ ಓಡಿಸಿದರೆ ಬೇಸರ ಬಂದೇ ಬರುತ್ತದೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಬೇಸರಕ್ಕೆ ಕಾರಣ ಓಟದ ಸಂಖ್ಯೆಗಿಂತ ಹೆಚ್ಚಾಗಿ ಓಟಕ್ಕೊಂದು ಕೆಲಸ ಇಲ್ಲದಿರುವುದು ಎಂದು ಇದರಿಂದ ಊಹಿಸಬಹುದು. ಹಾಗೆಂದು ವ್ಯಾಗನ್‌ಗಳನ್ನು ಹೀಗೆ ಹಿಂದೆ ಮುಂದೆ ಸರಿಸಿ ಜೋಡಿಸುವ ಶಂಟಿಂಗ್ ಎಲ್ಲರಿಗೂ ರುಚಿಸಬೇಕೆಂದಿಲ್ಲ. ಉದ್ದನೆಯ ಎಕ್ಸ್‌ಪ್ರೆಸ್ ತಿರುವಿನಲ್ಲಿ ಮೈ ಬಳುಕಿಸುವುದನ್ನು ಕಾಫಿ ಹಿಡಿದು ನೋಡುತ್ತ ಕೂರುವುದೇ ಸುಖ ಎನ್ನುವವರ ಸುಖವೂ ನಿಜವಾದದ್ದೇ. ಅದು ಮಾತ್ರ ಬೇಗ ತಣಿಯುವ ಸುಖ.

ಕೂಟದ ವಿಷಯಕ್ಕೆ ಬಂದರೆ ತಕ್ಕಡಿ ಮತ್ತೆ ಇನ್ನೊಂದು ಕಡೆ ವಾಲುತ್ತದೆ. ಅಮೆರಿಕದ ದೊಡ್ಡ ಲೇಔಟುಗಳಲ್ಲಿ ಆಪರೇಟಿಂಗ್ ಸೆಷನ್ ಎಂಬ ಪದ್ಧತಿ ಇದೆ. ಎಂಟು ಹತ್ತು ಮಂದಿ ಸೇರುತ್ತಾರೆ. ಒಬ್ಬರು ಡಿಸ್ಪ್ಯಾಚರ್, ಒಬ್ಬರು ಯಾರ್ಡ್ ಮಾಸ್ಟರ್, ಉಳಿದವರು ಚಾಲಕರು. ಪ್ರತಿ ವ್ಯಾಗನ್‌ಗೂ ಒಂದು ಕಾರ್ಡು. ಯಾವ ಸರಕು, ಎಲ್ಲಿಂದ, ಎಲ್ಲಿಗೆ ಎಂದು ಅದರಲ್ಲಿ ಬರೆದಿರುತ್ತದೆ. ಗೋಡೆಯ ಮೇಲೆ ವೇಗದ ಗಡಿಯಾರ. ಅದು ಆರು ಪಟ್ಟು ಓಡಿದರೆ ನಾಲ್ಕು ಗಂಟೆಯಲ್ಲಿ ಒಂದು ಪೂರ್ತಿ ದಿನ ಕಳೆಯುತ್ತದೆ. ಇದರಲ್ಲಿ ಪಾಲ್ಗೊಂಡವರು ಇದಕ್ಕಿಂತ ದೊಡ್ಡ ಸಂತೋಷ ಈ ಹವ್ಯಾಸದಲ್ಲಿ ಇಲ್ಲ ಎನ್ನುತ್ತಾರೆ. ನಂಬಲು ನನಗೆ ಕಷ್ಟವಿಲ್ಲ. ಆದರೆ ಮನೆಯವನ ದೃಷ್ಟಿಯಿಂದ ನೋಡಿ. ಕೂಟಕ್ಕೆ ಮುಂಚೆ ಹಳಿ ಒರೆಸಬೇಕು, ಕಾರ್ಡುಗಳನ್ನು ಜೋಡಿಸಬೇಕು, ಕಳೆದ ಸಲ ತೊಂದರೆ ಕೊಟ್ಟ ಪಾಯಿಂಟ್ಸ್ ಸರಿಮಾಡಬೇಕು, ಹತ್ತು ಜನರ ತಿಂಡಿ ಕಾಫಿ ಆಗಬೇಕು. ಮದುವೆಮನೆಯ ಓಡಾಟವನ್ನು ವಾರವಾರವೂ ಯಾರು ತಾನೇ ಮಾಡಿಯಾರು? ತಿಂಗಳಿಗೊಮ್ಮೆ ಅಥವಾ ಎರಡು ತಿಂಗಳಿಗೊಮ್ಮೆ ಎಂಬ ರೂಢಿ ಸೋಮಾರಿತನದಿಂದ ಬಂದದ್ದಲ್ಲ, ಅನುಭವದಿಂದ ಬಂದದ್ದು. ಬ್ರಿಟನ್ನಿನ ಪ್ರದರ್ಶನ ಲೇಔಟುಗಳೂ ಹೀಗೆಯೇ. ವಾರಾಂತ್ಯದ ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ಜನರ ಮುಂದೆ ಓಡಿ, ಮತ್ತೆ ತುಂಡುತುಂಡಾಗಿ ಬಿಚ್ಚಿ ಗ್ಯಾರೇಜು ಸೇರುತ್ತವೆ.

ಒಂಟಿಯಾಗಿ ಓಡಿಸುವವರ ಪರವಾಗಿ ಹೇಳಬಹುದಾದ ಅತ್ಯುತ್ತಮ ಮಾತು ರೆವರೆಂಡ್ ಪೀಟರ್ ಡೆನ್ನಿ ಅವರ ಬದುಕಿನಲ್ಲಿದೆ. ಇಂಗ್ಲೆಂಡಿನ ಈ ಪಾದ್ರಿ 1940ರ ದಶಕದಲ್ಲಿ ಆರಂಭಿಸಿದ ಬಕಿಂಗ್‌ಹ್ಯಾಮ್ ಲೇಔಟನ್ನು ದಶಕಗಳ ಕಾಲ ತಿದ್ದಿ ಬೆಳೆಸಿದರು. ಅದು ಬೆಲ್ ಸಂಕೇತ, ಸಿಗ್ನಲ್, ವೇಳಾಪಟ್ಟಿಗಳೊಂದಿಗೆ ಓಡುತ್ತಿತ್ತು. ಒಂದು ತುದಿಯನ್ನು ನಡೆಸಲು ಮಗ ಕ್ರಿಸ್ಪಿನ್ ಇದ್ದ. ಮಗ ಸದಾ ಕೈಗೆ ಸಿಗದಂತಾದಾಗ ಡೆನ್ನಿ ಓಟ ನಿಲ್ಲಿಸಲಿಲ್ಲ. ಆ ತುದಿಯ ಕೆಲಸವನ್ನು ತಾನಾಗಿ ಮಾಡುವ ಯಂತ್ರವೊಂದನ್ನು ಕಟ್ಟಿದರು. ಅದಕ್ಕೆ ‘ಆಟೊಮ್ಯಾಟಿಕ್ ಕ್ರಿಸ್ಪಿನ್’ ಎಂದೇ ಹೆಸರು. ಜೊತೆಗಾರ ಇಲ್ಲದಿದ್ದರೂ ವೇಳಾಪಟ್ಟಿ ಮುಂದುವರಿಯಬೇಕು ಎಂಬ ಹಂಬಲ ಎಷ್ಟು ಬಲವಾಗಿದ್ದಿರಬೇಕು! ಅದೇ ಹೊತ್ತಿಗೆ ಅವರು ಅಷ್ಟೇ ಶ್ರದ್ಧೆಯಿಂದ ಕಟ್ಟುತ್ತಲೂ ಇದ್ದರು ಎಂಬುದನ್ನು ಮರೆಯುವಂತಿಲ್ಲ. ಓಡಿಸುವವರು ಮತ್ತು ಕಟ್ಟುವವರು ಎಂದು ಮಾಡಿಕೊಂಡ ವಿಂಗಡಣೆ ಕೆಲವು ದೊಡ್ಡ ಕೈಗಳಲ್ಲಿ ಕರಗಿಹೋಗುತ್ತದೆ.

ಜಾಗದ ಮಾತನ್ನು ಬೇಗ ಮುಗಿಸಬಹುದು, ಏಕೆಂದರೆ ಅಲ್ಲಿ ಆಯ್ಕೆಗೆ ಅವಕಾಶ ಕಡಿಮೆ. ಜಪಾನಿನಲ್ಲಿ 1965ರಿಂದ ಕ್ಯಾಟೊ ಸಂಸ್ಥೆ 9 ಮಿ.ಮೀ. ಹಳಿಯ ಎನ್ ಗೇಜ್ ರೈಲುಗಳನ್ನು ತರುತ್ತಿದೆ. ಅಲ್ಲಿನ ಚಿಕ್ಕ ಮನೆಗಳಲ್ಲಿ ಖಾಯಂ ಲೇಔಟ್ ಇಡಲು ಆಗದವರು ಚಾಪೆ ಹಾಸಿದ ಕೋಣೆಯಲ್ಲೇ ಹಳಿ ಜೋಡಿಸಿ, ಓಡಿಸಿ, ಮಲಗುವ ಮುನ್ನ ಎತ್ತಿಡುತ್ತಾರೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು, ತಮ್ಮ ರೈಲನ್ನು ಪೆಟ್ಟಿಗೆಯಲ್ಲಿ ಒಯ್ದು, ಅಂಗಡಿಯ ದೊಡ್ಡ ಲೇಔಟಿನಲ್ಲಿ ಓಡಿಸಿ ಬರುವ ವ್ಯವಸ್ಥೆಯೂ ಇದೆ. ಬೆಂಗಳೂರಿನ ಎರಡು ಕೋಣೆಯ ಫ್ಲಾಟಿನಲ್ಲಿ ಈ ಹವ್ಯಾಸ ಹಿಡಿದವರಿಗೂ ಇವೇ ಹಾದಿಗಳು ಹತ್ತಿರ. ಅವರಿಗೆ ಅಪರೂಪ ಎನ್ನುವುದು ತತ್ತ್ವದಿಂದ ಬಂದದ್ದಲ್ಲ.

ಕೊನೆಗೆ ಕಾಲದ ಪ್ರಶ್ನೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಕಟ್ಟಿದ ಗೋರಿ ಅಂಡ್ ಡಿಫೀಟೆಡ್ ಲೇಔಟ್ ಈ ಹವ್ಯಾಸದ ಇತಿಹಾಸದಲ್ಲೇ ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು. ನೆಲದಿಂದ ಮಾಡಿನವರೆಗೆ ಬೆಟ್ಟಗಳನ್ನು ಎಬ್ಬಿಸಿದ, ಬೆಳಕು ನೆರಳುಗಳನ್ನು ಬಲ್ಲ ಛಾಯಾಗ್ರಾಹಕ ಅವರು. ಕಟ್ಟುವುದರಲ್ಲಿ ಅವರನ್ನು ಮೀರಿಸುವವರು ವಿರಳ. ಅವರೇ ಸ್ನೇಹಿತರನ್ನು ಕೂಡಿಸಿಕೊಂಡು ನಿಯತವಾಗಿ ಓಡಿಸುತ್ತಿದ್ದರು. ಟೈಮ್‌ಸೇವರ್ ಎಂಬ ಶಂಟಿಂಗ್ ಒಗಟನ್ನೂ ರೂಪಿಸಿದರು. ಅಲೆನ್ 1973ರ ಜನವರಿಯಲ್ಲಿ ತೀರಿಕೊಂಡರು. ಹತ್ತು ದಿನಗಳಲ್ಲಿ ಬೆಂಕಿ ಬಿದ್ದು ಲೇಔಟೂ ಹೋಯಿತು. ಲೇಔಟ್ ಪೂರ್ಣವಾದ ಮೇಲೆ ಓಡಿಸಿದರಾಯಿತು ಎಂದು ಅವರು ಕಾದಿದ್ದರೆ ಏನಾಗುತ್ತಿತ್ತು ಎಂದು ಓಟದ ಪಕ್ಷದವರು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡುವುದು ಕಷ್ಟ. ಬೆಂಕಿ ಬೇಕಿಲ್ಲ, ಒಡೆಯನ ನಂತರ ಮನೆ ಖಾಲಿ ಮಾಡುವಾಗ ಮುರಿಯುವ ಲೇಔಟುಗಳೇ ಹೆಚ್ಚು.

ಕಷ್ಟವಾದರೂ ಒಂದು ಉತ್ತರವಿದೆ. ಮುಗಿಯದಿರುವುದೇ ಕೆಲವರ ಸಂತೋಷ. ನಾಳೆ ಆ ಸೇತುವೆಗೆ ಕಂಬ ನಿಲ್ಲಿಸಬೇಕು ಎಂಬ ಯೋಚನೆಯೊಂದಿಗೆ ಮಲಗುವವನಿಗೆ, ಅದು ನಿಂತು ರೈಲು ದಾಟಿದ ದಿನ ಒಂದು ಬಗೆಯ ಖಾಲಿತನವೂ ಆಗುವುದುಂಟು. ಅವನು ಕಾಯುತ್ತಿದ್ದಾನೆ, ಬದುಕುತ್ತಿಲ್ಲ ಎಂದು ಹೊರಗಿನವರು ತೀರ್ಪು ಕೊಡಲಾಗದು.

ಇಷ್ಟನ್ನೂ ಮುಂದಿಟ್ಟುಕೊಂಡು ನೋಡಿದಾಗ, ಹಲವು ಹಿಂಜರಿಕೆಗಳೊಂದಿಗೆ, ನಾನು ವಾಲುವುದು ಹೀಗೆ. ಯಂತ್ರಕ್ಕೆ ಬೇಕಾದ ಓಟ ಒಂದು, ಮನಸ್ಸಿಗೆ ಬೇಕಾದ ಓಟ ಇನ್ನೊಂದು. ಇವೆರಡನ್ನೂ ಒಂದೇ ಸಲಕ್ಕೆ ಸಾಧಿಸಲು ಹೊರಡುವುದರಿಂದಲೇ ಬಹುಪಾಲು ತೊಡಕು ಹುಟ್ಟುತ್ತದೆ. ವಾರದಲ್ಲಿ ಎರಡು ಮೂರು ದಿನ ಹತ್ತು ಹದಿನೈದು ನಿಮಿಷ, ಒಂದೇ ಎಂಜಿನ್, ಒಂದಿಷ್ಟು ಶಂಟಿಂಗ್, ಇದರಿಂದ ಹಳಿಯೂ ಗಾಲಿಯೂ ತಕ್ಕಮಟ್ಟಿಗೆ ಸರಿಯಿರುತ್ತವೆ, ಕೆಟ್ಟದ್ದು ಬೇಗ ಕಣ್ಣಿಗೆ ಬೀಳುತ್ತದೆ. ಎಲ್ಲ ದೀಪ ಹಚ್ಚಿ, ಎಲ್ಲ ರೈಲು ಇಳಿಸಿ, ನಾಲ್ಕು ಜನರನ್ನು ಕರೆಯುವ ದೊಡ್ಡ ಓಟವನ್ನು ತಿಂಗಳಿಗೋ ಹಬ್ಬಕ್ಕೋ ಬಿಡಬಹುದು. ಅದರ ಕಳೆ ಅಪರೂಪದಲ್ಲೇ ಇದೆ. ದೊಡ್ಡ ಲೇಔಟ್ ಕಟ್ಟುತ್ತಿರುವವರು ಅದರ ಒಂದು ಮೂಲೆಯನ್ನಾದರೂ, ಒಂದು ಯಾರ್ಡನ್ನೋ ಒಂದು ಚಿಕ್ಕ ನಿಲ್ದಾಣವನ್ನೋ, ಉಳಿದದ್ದು ಮುಗಿಯುವ ಮೊದಲೇ ಓಡುವ ಸ್ಥಿತಿಗೆ ತಂದುಕೊಂಡರೆ ಅಲೆನ್ ಅವರ ಕಥೆ ಎತ್ತುವ ಭಯವೂ ಸ್ವಲ್ಪ ತಗ್ಗೀತು.

ಈ ಅಳತೆ ಎಲ್ಲರಿಗೂ ಹೊಂದುವುದಿಲ್ಲ. ಜಾನ್ ಅಹರ್ನ್ 1930ರ ದಶಕದ ಕೊನೆಯಲ್ಲಿ ಕಟ್ಟಲಾರಂಭಿಸಿದ ಮ್ಯಾಡರ್ ವ್ಯಾಲಿ ಈಗ ಪೆಂಡನ್ ಸಂಗ್ರಹಾಲಯದಲ್ಲಿದೆ. ಅದರ ಎಂಜಿನ್‌ಗಳಿಗೆ ವಯಸ್ಸಾಗಿದೆ. ಆಯ್ದ ಕೆಲವು ದಿನಗಳಲ್ಲಿ ಮಾತ್ರ ಅದನ್ನು ಓಡಿಸುತ್ತಾರೆ. ಅದು ಹಾಗೆಯೇ ಇರಬೇಕು. ಆದರೆ ಹೊಸ ಎಂಜಿನ್ ಕೊಂಡು ಪೆಟ್ಟಿಗೆ ತೆರೆಯದವರು ಇದೇ ಕಾರಣ ಕೊಟ್ಟರೆ ನಾನು ಒಪ್ಪಲಾರೆ.

ಒಂದು ಸಲಕ್ಕೆ ಹತ್ತು ನಿಮಿಷ ಎಂದರೆ ಏನೂ ಮುಗಿಯುವುದಿಲ್ಲವಲ್ಲ ಎಂಬ ಆಕ್ಷೇಪ ಬರಬಹುದು. ಅದಕ್ಕೆ ಹಳಬರು ಕಂಡುಕೊಂಡ ಒಂದು ಉಪಾಯವಿದೆ. ಗಡಿಯಾರವನ್ನು ಬಿಟ್ಟು ಬರೀ ಕ್ರಮವನ್ನು ಇಟ್ಟುಕೊಳ್ಳುವುದು. ದಿನದ ರೈಲುಗಳನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆದು, ಕಟ್ಟು ಮಾಡಿ, ಕಂಟ್ರೋಲರ್ ಪಕ್ಕ ತೂಗುಹಾಕುತ್ತಾರೆ. ಇಂದು ಮೂರು ಚೀಟಿ ಆಯಿತು, ಊಟಕ್ಕೆ ಕರೆ ಬಂತು, ಸ್ವಿಚ್ ಆರಿಸಿ ಎದ್ದರು. ಮೂರು ದಿನವೋ ಮೂರು ವಾರವೋ ಬಿಟ್ಟು ಬಂದರೂ ಹದಿನಾಲ್ಕನೆಯ ಚೀಟಿ ಮೇಲೆಯೇ ಇರುತ್ತದೆ. ಹಾಲಿನ ರೈಲು ಎರಡನೇ ಪ್ಲಾಟ್‌ಫಾರಂನಲ್ಲಿ ಹಸಿರು ಸಿಗ್ನಲ್‌ಗಾಗಿ ನಿಂತಿರುತ್ತದೆ.